ಪ್ರೊರೋಗ್ ಎಂದರೆ ಮುಂದೂಡುವುದೇ, ಮುಗಿಸುವುದೇ?

ಪ್ರಶ್ನೆ: ನಾನು ಕೆಎಎಸ್ ಪರೀಕ್ಷೆಗೆ ಓದುತ್ತಿದ್ದೇನೆ. ಇಂಗ್ಲಿಷ್ ಪತ್ರಿಕೆಯೊಂದರಲ್ಲಿ ‘ಗವರ್ನರ್ ಪ್ರೊರೋಗ್ಸ್ ಅಸೆಂಬ್ಲಿ’ ಎಂಬ ತಲೆಬರಹ ನೋಡಿದೆ. ನಿಘಂಟು ತೆರೆದರೆ ‘ಮುಂದೂಡು’ ಎಂದೂ ಇದೆ, ‘ಮುಕ್ತಾಯ ಮಾಡು’ ಎಂದೂ ಇದೆ. ಒಂದೇ ಪದಕ್ಕೆ ಇವೆರಡೂ ಅರ್ಥ ಹೇಗೆ? ಅಡ್ಜರ್ನ್, ಡಿಸಾಲ್ವ್ ಎಂಬ ಪದಗಳು ಇರುವಾಗ ಇದು ಬೇರೆ ಯಾಕೆ ಬೇಕು? ಹೇಗೆ ಉಚ್ಚರಿಸಬೇಕು, ವಾಕ್ಯದಲ್ಲಿ ಹೇಗೆ ಬಳಸಬೇಕು? (ಧಾರವಾಡದ ಓದುಗರು)

ಉತ್ತರ: ನಿಮ್ಮ ನಿಘಂಟು ತಪ್ಪು ಹೇಳಿಲ್ಲ. ಮುಂದೂಡು ಎಂಬುದು ಈ ಪದದ ಹಳೆಯ ಅರ್ಥ. ಈಗ ಚಾಲ್ತಿಯಲ್ಲಿರುವ ಅರ್ಥ ಬೇರೆ. ಶಾಸನಸಭೆಯನ್ನು ವಿಸರ್ಜಿಸದೆ, ಅದರ ಒಂದು ಅಧಿವೇಶನವನ್ನು ಮಾತ್ರ ಅಧಿಕೃತವಾಗಿ ಮುಗಿಸುವುದೇ ಪ್ರೊರೋಗ್. ಪರೀಕ್ಷೆಗೆ ಇಷ್ಟು ಸಾಕಾಗಬಹುದು. ಆದರೆ ಪದ ನಿಜವಾಗಿ ಕೈಗೆ ಸಿಗಬೇಕಾದರೆ ಇನ್ನೊಂದು ಪ್ರಶ್ನೆ ಕೇಳಬೇಕು. ಮುಗಿಸಿದವರು ಯಾರು? ಸದನ ತಾನಾಗಿ ಎದ್ದರೆ ಅದು ಪ್ರೊರೋಗ್ ಅಲ್ಲ. ರಾಷ್ಟ್ರಪತಿಯೋ ರಾಜ್ಯಪಾಲರೋ, ಇಂಗ್ಲೆಂಡಿನಲ್ಲಾದರೆ ರಾಜನೋ ರಾಣಿಯೋ, ಅಧಿವೇಶನ ಮುಗಿಯಿತೆಂದು ಆದೇಶ ಹೊರಡಿಸಿದಾಗ ಮಾತ್ರ ಈ ಕ್ರಿಯಾಪದ ಬರುತ್ತದೆ. ಈ ಪದವನ್ನು ಓದುವಾಗಲೂ ಬರೆಯುವಾಗಲೂ ಕಣ್ಣಿಡಬೇಕಾದದ್ದು ಕರ್ತೃಪದದ ಮೇಲೆ.

ಮೊದಲು ಉಚ್ಚಾರಣೆ ಮುಗಿಸೋಣ. ಮೊದಲ ಅಕ್ಷರ ತೇಲಿಸಿ, ‘ರೋ’ ಮೇಲೆ ಒತ್ತು ಕೊಡಬೇಕು. ಬರಹದಲ್ಲಿ ಪ್ರೊರೋಗ್ ಎಂದು ಬರೆದರೂ ಬಾಯಲ್ಲಿ ಬರುವುದು ಹೆಚ್ಚುಕಡಿಮೆ ‘ಪ್ರರೋಗ್’. ಕೊನೆಯ ಯು ಮತ್ತು ಇ ಅಕ್ಷರಗಳಿಗೆ ಧ್ವನಿ ಇಲ್ಲ. ನಾಮಪದ ಪ್ರೊರೊಗೇಶನ್. ಅಲ್ಲಿ ಒತ್ತು ‘ಗೇ’ ಮೇಲೆ ಹೋಗುತ್ತದೆ. ಪದದ ಕೊನೆಯಲ್ಲಿ ‘ರೋಗ್’ ಕಂಡು, ಠಕ್ಕ ಎಂಬ ಅರ್ಥದ ಇಂಗ್ಲಿಷ್ ಪದಕ್ಕೂ ಇದಕ್ಕೂ ನಂಟಿದೆ ಎಂದು ಕೆಲವರು ಭಾವಿಸುತ್ತಾರೆ. ಅದಕ್ಕೆ ಖಚಿತ ಆಧಾರವಿಲ್ಲ.

ಇದರ ನಿಜವಾದ ನೆಂಟರು ನಿಮಗೆ ಆಗಲೇ ಗೊತ್ತಿರುವವರು. 2019ರಲ್ಲಿ 370ನೇ ವಿಧಿಯ ಸುದ್ದಿ ಬಂದಾಗ ಎಲ್ಲ ಇಂಗ್ಲಿಷ್ ಪತ್ರಿಕೆಗಳಲ್ಲೂ ‘ಅಬ್ರೊಗೇಶನ್’ ಎಂಬ ಪದ ಕಂಡಿತ್ತು, ಅಲ್ವಾ? ಇಂಟರಾಗೇಟ್ (ವಿಚಾರಣೆ ಮಾಡು), ಡಿರಾಗೇಟರಿ (ಹೀಯಾಳಿಸುವ), ಪ್ರಿರಾಗೆಟಿವ್ (ವಿಶೇಷಾಧಿಕಾರ) ಇವೂ ಅದೇ ಕುಟುಂಬದವು. ಎಲ್ಲಕ್ಕೂ ಮೂಲ ‘ರೊಗಾರೆ’ ಎಂಬ ಲ್ಯಾಟಿನ್ ಧಾತು. ಅದರ ಅರ್ಥ ‘ಕೇಳು’. ಹಳೆಯ ರೋಮ್‌ನಲ್ಲಿ ಕಾನೂನು ಮಾಡಬೇಕಾದರೆ ಅಧಿಕಾರಿ ಜನರ ಸಭೆಯ ಮುಂದೆ ನಿಂತು, ಇದಕ್ಕೆ ನಿಮ್ಮ ಒಪ್ಪಿಗೆ ಇದೆಯೇ ಎಂದು ಕೇಳಬೇಕಿತ್ತು. ಹಾಗೆ ಕೇಳಿ ಕಾನೂನನ್ನು ತೆಗೆದುಹಾಕಿದರೆ ಅಬ್ರೊಗಾರೆ. ಅದರಲ್ಲಿ ಒಂದಿಷ್ಟನ್ನು ಕಡಿತ ಮಾಡಿದರೆ ಡೆರೊಗಾರೆ. ಅವಧಿಯನ್ನು ಮುಂದಕ್ಕೆ ಚಾಚಿದರೆ ಪ್ರೊರೊಗಾರೆ.

ಈ ಕೊನೆಯದಕ್ಕೆ ಒಂದು ಹೆಸರಾಂತ ಉದಾಹರಣೆ ಇದೆ. ರೋಮ್‌ನ ಅತ್ಯುನ್ನತ ಅಧಿಕಾರಿಯಾದ ಕಾನ್ಸಲ್‌ಗೆ ಒಂದೇ ವರ್ಷದ ಅಧಿಕಾರ. ಕ್ರಿಸ್ತಪೂರ್ವ 327ರಲ್ಲಿ ಕ್ವಿಂಟಸ್ ಪಬ್ಲಿಲಿಯಸ್ ಫಿಲೋ ಎಂಬ ಕಾನ್ಸಲ್ ಈಗಿನ ನೇಪಲ್ಸ್ ನಗರಕ್ಕೆ ಮುತ್ತಿಗೆ ಹಾಕಿ ಕೂತಿದ್ದ. ಅವನ ವರ್ಷ ಮುಗಿಯುತ್ತ ಬಂತು. ಮುತ್ತಿಗೆಯ ನಡುವೆ ಸೇನಾಪತಿಯನ್ನು ವಾಪಸ್ ಕರೆಸುವುದು ಸರಿಯಲ್ಲ ಎಂದು ಅವನ ಸೇನಾಧಿಕಾರವನ್ನು ವಿಸ್ತರಿಸಿದರು. ಅಂದರೆ ಹುಟ್ಟಿನಲ್ಲಿ ಈ ಪದದ ಅರ್ಥ ಮುಗಿಸುವುದಲ್ಲ. ಅದಕ್ಕೆ ನೇರ ವಿರುದ್ಧವಾದ ಮುಂದುವರಿಸುವುದು.

ಅವಧಿ ಮುಂದಕ್ಕೆ ಹೋಯಿತು ಎಂಬಲ್ಲಿಂದ ಕೆಲಸ ಮುಂದಕ್ಕೆ ಹೋಯಿತು ಎಂಬ ಅರ್ಥಕ್ಕೆ ಒಂದೇ ಹೆಜ್ಜೆ. ಫ್ರೆಂಚ್ ಮೂಲಕ ಪದ ಇಂಗ್ಲಿಷಿಗೆ ಬಂದ ಮೇಲೆ ಈ ‘ಮುಂದೂಡು’ ಎಂಬ ಅರ್ಥವೂ ಬಳಕೆಯಲ್ಲಿತ್ತು. ಶೇಕ್ಸ್‌ಪಿಯರ್‌ನ ‘ರೋಮಿಯೋ ಅಂಡ್ ಜೂಲಿಯೆಟ್’ನಲ್ಲಿ ಇದು ಎರಡು ಕಡೆ ಬರುತ್ತದೆ. ನಿನ್ನ ಪ್ರೀತಿ ಇಲ್ಲದೆ ಸಾವು ಮುಂದಕ್ಕೆ ಹೋಗುವುದಕ್ಕಿಂತ ನಿನ್ನವರ ದ್ವೇಷಕ್ಕೆ ಈಗಲೇ ಬಲಿಯಾಗುವುದು ಮೇಲು ಎನ್ನುತ್ತಾನೆ ರೋಮಿಯೋ. ಮುಂದೆ ಪಾದ್ರಿ ಜೂಲಿಯೆಟ್‌ಗೆ, ಗುರುವಾರದ ಮದುವೆಯನ್ನು ಯಾವುದೂ ಮುಂದೂಡಲಾರದಂತೆ ಎನ್ನುತ್ತಾನೆ. ಎರಡು ಕಡೆಯೂ ಬಳಕೆಯಾದ ಪದ ಪ್ರೊರೋಗ್. ಆಮೇಲೆ ಮದುವೆ, ಸಾವು, ಸಾಲ ಇವೆಲ್ಲಕ್ಕೂ ‘ಪೋಸ್ಟ್‌ಪೋನ್’ ಬಂದು ಕೂತಿತು. ಪ್ರೊರೋಗ್ ಪಾರ್ಲಿಮೆಂಟಿಗೆ ಮಾತ್ರ ಉಳಿಯಿತು. ಇಂಗ್ಲೆಂಡಿನಲ್ಲಿ ಇವತ್ತಿಗೂ ಪಾರ್ಲಿಮೆಂಟನ್ನು ಇಂಥ ತಾರೀಕಿನವರೆಗೆ ಎಂದು ಹೇಳಿಯೇ ಪ್ರೊರೋಗ್ ಮಾಡುತ್ತಾರೆ. ಆ ‘ವರೆಗೆ’ಯಲ್ಲಿ ಹಳೆಯ ಅರ್ಥ ಇನ್ನೂ ಉಳಿದಿದೆ. ನಮ್ಮಲ್ಲಿ ಹಾಗಿಲ್ಲ. ಪ್ರೊರೋಗ್ ಆದೇಶ ಒಂದು, ಮುಂದಿನ ಅಧಿವೇಶನ ಕರೆಯುವ ಆದೇಶ ಇನ್ನೊಂದು. ಒಂದು ಅಧಿವೇಶನದ ಕೊನೆಯ ಕಲಾಪಕ್ಕೂ ಮುಂದಿನದರ ಮೊದಲ ಕಲಾಪಕ್ಕೂ ನಡುವೆ ಆರು ತಿಂಗಳು ದಾಟಬಾರದು, ಅಷ್ಟೇ. ಹಾಗಾಗಿ ಭಾರತದ ಮಟ್ಟಿಗೆ ‘ಮುಕ್ತಾಯ’ ಎಂಬುದೇ ಸರಿಯಾದ ಅರ್ಥ.

ಈಗ ಮೂರು ಪದಗಳ ವಿಷಯ. ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ನಡೆಯುವ ಚಳಿಗಾಲದ ಅಧಿವೇಶನವನ್ನೇ ನೆನಪಿಸಿಕೊಳ್ಳಿ. ಸಂಜೆ ಕಲಾಪ ನಿಲ್ಲಿಸಿ ನಾಳೆ ಬೆಳಿಗ್ಗೆಗೆ ಮುಂದೂಡುವವರು ಸಭಾಧ್ಯಕ್ಷರು. ಗದ್ದಲ ಜಾಸ್ತಿಯಾಗಿ ಹತ್ತು ನಿಮಿಷ ಮುಂದೂಡುವವರೂ ಅವರೇ. ಎರಡೂ ಅಡ್ಜರ್ನ್. ಕೊನೆಯ ದಿನ ಅವರು ಸದನವನ್ನು ಅನಿರ್ದಿಷ್ಟ ಕಾಲ ಮುಂದೂಡುತ್ತಾರೆ. ಇದು ‘ಅಡ್ಜರ್ನ್ ಸೈನಿ ಡೈ’. ದಿನ ಗೊತ್ತುಮಾಡದೆ ಎಂದರ್ಥ. ಟಿವಿಯಲ್ಲಿ ‘ಅಧಿವೇಶನಕ್ಕೆ ತೆರೆ’ ಎಂದು ಬರುತ್ತದೆ. ಶಾಸಕರು ಊರಿಗೆ ಹೊರಡುತ್ತಾರೆ. ಆದರೆ ಸಂವಿಧಾನದ ಲೆಕ್ಕದಲ್ಲಿ ಅಧಿವೇಶನ ಇನ್ನೂ ಮುಗಿದಿಲ್ಲ. 174ನೇ ವಿಧಿಯ ಅಧಿಕಾರ ಬಳಸಿ ರಾಜ್ಯಪಾಲರು ಆದೇಶ ಹೊರಡಿಸಬೇಕು. ಅದು ರಾಜ್ಯಪತ್ರದಲ್ಲಿ ಪ್ರಕಟವಾಗಬೇಕು. ಆಗಲೇ ಪ್ರೊರೋಗ್. ಸಂಸತ್ತಿಗೆ ಇದೇ ಅಧಿಕಾರ 85ನೇ ವಿಧಿಯಲ್ಲಿ ರಾಷ್ಟ್ರಪತಿಗೆ ಇದೆ. ಸಾಮಾನ್ಯವಾಗಿ ಇಬ್ಬರೂ ಮಂತ್ರಿಮಂಡಲದ ಸಲಹೆಯಂತೆ ಇದನ್ನು ಮಾಡುತ್ತಾರೆ. ಈ ಆದೇಶ ಬಂದದ್ದು ಬಹಳ ಜನರಿಗೆ ಗೊತ್ತೇ ಆಗುವುದಿಲ್ಲ. ಪದ ಅಪರಿಚಿತವಾಗಿ ಉಳಿಯಲು ಇದೂ ಒಂದು ಕಾರಣ.

ಡಿಸಾಲ್ವ್ ಆದರೆ ಸದನವೇ ಇಲ್ಲ. ಶಾಸಕರು ಮಾಜಿಗಳಾಗುತ್ತಾರೆ, ಚುನಾವಣೆ ಬರುತ್ತದೆ. ಇಲ್ಲೊಂದು ಸೂಕ್ಷ್ಮ ಇದೆ. ನಮ್ಮ ವಿಧಾನ ಪರಿಷತ್ತು ಮತ್ತು ದೆಹಲಿಯ ರಾಜ್ಯಸಭೆಯನ್ನು ಪ್ರೊರೋಗ್ ಮಾಡಬಹುದು, ಡಿಸಾಲ್ವ್ ಮಾಡುವಂತಿಲ್ಲ. ಅಧಿವೇಶನ ಮುಗಿಯುವುದೂ ಸದನ ಮುಗಿಯುವುದೂ ಬೇರೆ ಬೇರೆ ಎಂದು ನೆನಪಿಡಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ.

ಸರಿ, ಸಭಾಧ್ಯಕ್ಷರು ಮುಂದೂಡಿದ ಮೇಲೆ ರಾಜ್ಯಪಾಲರು ಇನ್ನೊಂದು ಆದೇಶ ಹೊರಡಿಸಿದರೆ ಏನು ಬದಲಾಗುತ್ತದೆ? ಇಂಗ್ಲೆಂಡಿನಲ್ಲಿ ಪ್ರೊರೋಗ್ ಆದರೆ ಬಾಕಿ ಇರುವ ಮಸೂದೆಗಳು ಸಾಮಾನ್ಯವಾಗಿ ಬಿದ್ದುಹೋಗುತ್ತವೆ. ಮುಂದಿನ ಅಧಿವೇಶನಕ್ಕೆ ಒಯ್ಯಲು ಮೊದಲೇ ಒಪ್ಪಿಗೆ ಪಡೆದಿದ್ದರೆ ಮಾತ್ರ ಉಳಿಯುತ್ತವೆ. ನಮ್ಮ ಸಂವಿಧಾನ ಬರೆದವರು ಆ ಪದ್ಧತಿಯನ್ನು ತರಲಿಲ್ಲ. 107 ಮತ್ತು 196ನೇ ವಿಧಿಗಳ ಪ್ರಕಾರ, ಪ್ರೊರೋಗ್ ಆಯಿತೆಂಬ ಕಾರಣಕ್ಕೆ ಮಸೂದೆ ಬೀಳುವುದಿಲ್ಲ. ಇಂಗ್ಲೆಂಡಿನ ಪುಸ್ತಕ ಓದಿ ಭಾರತದ ಬಗ್ಗೆ ಉತ್ತರ ಬರೆಯುವವರು ಇಲ್ಲೇ ಎಡವುತ್ತಾರೆ. ಆದರೆ ಸದಸ್ಯರು ಕೊಟ್ಟ ನೋಟಿಸ್‌ಗಳು ಬೀಳುತ್ತವೆ. ಲೋಕಸಭೆಯ ನಿಯಮದ ಪ್ರಕಾರ, ಮಸೂದೆ ಮಂಡಿಸಲು ಅನುಮತಿ ಕೇಳುವ ನೋಟಿಸ್ ಬಿಟ್ಟು ಉಳಿದವೆಲ್ಲ ರದ್ದು. ಮತ್ತೆ ಹೊಸದಾಗಿ ಕೊಡಬೇಕು.

ಇದಕ್ಕಿಂತ ದೊಡ್ಡದು ಸುಗ್ರೀವಾಜ್ಞೆಯ ವಿಷಯ. ಎರಡೂ ಸದನಗಳು ಅಧಿವೇಶನದಲ್ಲಿದ್ದಾಗ ಸುಗ್ರೀವಾಜ್ಞೆ ಹೊರಡಿಸುವಂತಿಲ್ಲ. ಒಂದು ಅಧಿವೇಶನದಲ್ಲಿ ಇಲ್ಲದಿದ್ದರೆ ಸಾಕು, ಹೊರಡಿಸಬಹುದು. 2015ರಲ್ಲಿ ಏನಾಯಿತು ನೋಡಿ. ಭೂಸ್ವಾಧೀನ ಸುಗ್ರೀವಾಜ್ಞೆಯ ಅವಧಿ ಏಪ್ರಿಲ್ 5ಕ್ಕೆ ಮುಗಿಯುವುದಿತ್ತು. ಬಜೆಟ್ ಅಧಿವೇಶನ ನಡುವಿನ ಬಿಡುವಿನಲ್ಲಿತ್ತು. ಸದನ ಸೇರಿರಲಿಲ್ಲ, ಆದರೆ ಅಧಿವೇಶನ ಮುಗಿದೂ ಇರಲಿಲ್ಲ. ಮಾರ್ಚ್ 28ರಂದು ರಾಜ್ಯಸಭೆಯನ್ನು ಮಾತ್ರ ಪ್ರೊರೋಗ್ ಮಾಡಿದರು. ಏಪ್ರಿಲ್ 3ರಂದು ಸುಗ್ರೀವಾಜ್ಞೆ ಮತ್ತೆ ಹೊರಬಿತ್ತು. ಆ ದಿನಗಳ ಸುದ್ದಿಯಲ್ಲಿ ‘ರಾಜ್ಯಸಭೆ ಮುಂದೂಡಿಕೆ’ ಎಂದು ಯಾರಾದರೂ ಓದಿದ್ದರೆ, ಏನು ನಡೆಯಿತು ಎಂಬುದೇ ಅವರಿಗೆ ತಿಳಿಯುತ್ತಿರಲಿಲ್ಲ. ಒಂದು ಪದ ತಪ್ಪಾದರೆ ಇಡೀ ರಾಜಕೀಯ ನಡೆಯೇ ಓದುಗರ ಕಣ್ಣಿಂದ ಮರೆಯಾಗುತ್ತದೆ. ಅದಕ್ಕೇ ಈ ಪದದ ವಿಷಯದಲ್ಲಿ ನನಗೆ ಇಷ್ಟು ಹಠ.

ಅಡ್ಜರ್ನ್ ಮತ್ತು ಪ್ರೊರೋಗ್ ಎದುರುಬದುರಾದ ಪ್ರಕರಣ ನಡೆದದ್ದು ಪಂಜಾಬಿನಲ್ಲಿ, 1968ರಲ್ಲಿ. ನೀವು ಧಾರವಾಡದವರಾದ್ದರಿಂದ ಇದು ಇನ್ನೂ ಹತ್ತಿರದ್ದು. ಆಗ ಪಂಜಾಬಿನ ರಾಜ್ಯಪಾಲರಾಗಿದ್ದವರು ಡಿ.ಸಿ. ಪಾವಟೆ. ಕರ್ನಾಟಕ ವಿಶ್ವವಿದ್ಯಾಲಯವನ್ನು ಕುಲಪತಿಯಾಗಿ ಬೆಳೆಸಿದ ಅದೇ ಪಾವಟೆಯವರು. ವಿಶ್ವವಿದ್ಯಾಲಯದ ವಿಳಾಸದಲ್ಲಿ ‘ಪಾವಟೆ ನಗರ’ ಎಂದು ಇರುವುದು ಅವರ ಹೆಸರಿನಿಂದಲೇ. ಗಣಿತದ ಮೇಷ್ಟ್ರಾಗಿದ್ದವರು 1967ರಲ್ಲಿ ಚಂಡೀಗಢದ ರಾಜಭವನಕ್ಕೆ ಹೋದರು. ಕೆಲವೇ ತಿಂಗಳಲ್ಲಿ ಈ ಬಿಕ್ಕಟ್ಟು ಎದುರಾಯಿತು.

ಅಲ್ಲಿ ಲಚ್ಮನ್ ಸಿಂಗ್ ಗಿಲ್ ಅವರ ಅಲ್ಪಮತದ ಸರ್ಕಾರ ಇತ್ತು. ಬಜೆಟ್ ಅಧಿವೇಶನ ನಡೆಯುತ್ತಿತ್ತು. ಸ್ಪೀಕರ್ ಮೇಲೆಯೇ ಅವಿಶ್ವಾಸದ ಮಾತು ಬಂದು ಸದನದಲ್ಲಿ ಗದ್ದಲವಾಯಿತು. ಮಾರ್ಚ್ 7ರಂದು ಸ್ಪೀಕರ್ ಸದನವನ್ನು ಎರಡು ತಿಂಗಳಿಗೆ ಅಡ್ಜರ್ನ್ ಮಾಡಿಬಿಟ್ಟರು. ಮಾರ್ಚ್ 31ರೊಳಗೆ ಖರ್ಚಿನ ಮಸೂದೆಗಳು ಪಾಸಾಗದಿದ್ದರೆ ಸರ್ಕಾರದ ಬಳಿ ಸಂಬಳ ಕೊಡಲೂ ಅಧಿಕಾರ ಇರುವುದಿಲ್ಲ. ಅಡ್ಜರ್ನ್ ಮಾಡುವುದು ಸ್ಪೀಕರ್ ಅಧಿಕಾರ. ಅದನ್ನು ರಾಜ್ಯಪಾಲರು ರದ್ದು ಮಾಡುವಂತಿಲ್ಲ. ಹಾಗಾದರೆ ಮಾಡುವುದೇನು?

ಮಾರ್ಚ್ 11ರಂದು ಪಾವಟೆ ವಿಧಾನಸಭೆಯನ್ನು ಪ್ರೊರೋಗ್ ಮಾಡಿದರು. ಅಧಿವೇಶನವೇ ಮುಗಿಯಿತು. ಅಧಿವೇಶನ ಮುಗಿದ ಮೇಲೆ ಆ ಎರಡು ತಿಂಗಳ ಮುಂದೂಡಿಕೆಗೆ ಅರ್ಥ ಎಲ್ಲಿ ಉಳಿಯಿತು? ಹಣಕಾಸಿನ ಕೆಲಸ ನಡುವೆ ನಿಲ್ಲದಂತೆ ಒಂದು ಸುಗ್ರೀವಾಜ್ಞೆ ಹೊರಡಿಸಿ, ಮಾರ್ಚ್ 18ಕ್ಕೆ ಹೊಸದಾಗಿ ಸದನ ಕರೆದರು. ಸ್ಪೀಕರ್ ಅಂದೂ ಇದು ಕಾನೂನುಬಾಹಿರ ಎಂದು ಹೇಳಿ ಸದನವನ್ನು ಮುಂದೂಡಿ ಹೊರಟರು. ಡೆಪ್ಯುಟಿ ಸ್ಪೀಕರ್ ಪೀಠಕ್ಕೆ ಬಂದು ಮಸೂದೆಗಳನ್ನು ಪಾಸು ಮಾಡಿಸಿದರು. ಇದನ್ನು ಪ್ರಶ್ನಿಸಿದ ಪ್ರಕರಣದಲ್ಲಿ ಹೈಕೋರ್ಟಿನಲ್ಲಿ ಸರ್ಕಾರಕ್ಕೆ ಸೋಲಾಯಿತು. ಸುಪ್ರೀಂ ಕೋರ್ಟ್ ಅದೇ ವರ್ಷ ಜುಲೈನಲ್ಲಿ ಆ ತೀರ್ಪನ್ನು ತಿರುಗಿಸಿ, ರಾಜ್ಯಪಾಲರು ಮಾಡಿದ್ದು ಸರಿ ಎಂದಿತು. ಸದನ ಅಡ್ಜರ್ನ್ ಆಗಿದ್ದಾಗಲೂ ಅದನ್ನು ಪ್ರೊರೋಗ್ ಮಾಡಬಹುದು ಎಂಬುದು ಆ ತೀರ್ಪಿನಿಂದ ಗಟ್ಟಿಯಾಯಿತು. ಸತ್ಯಪಾಲ್ ಡಾಂಗ್ ಪ್ರಕರಣ ಎಂದು ಕಾನೂನು ಪುಸ್ತಕಗಳಲ್ಲಿ ಇದು ಸಿಗುತ್ತದೆ. ದಯವಿಟ್ಟು ಓದಿ.

ಅದೇ ಪಂಜಾಬಿನಲ್ಲಿ 2023ರಲ್ಲಿ ಇದರ ತಿರುಗುಮುರುಗು ನಡೆಯಿತು. ಮಾರ್ಚ್‌ನಲ್ಲಿ ಸ್ಪೀಕರ್ ಸದನವನ್ನು ಸೈನಿ ಡೈ ಮುಂದೂಡಿದರು. ಪ್ರೊರೋಗ್ ಆಗಲಿಲ್ಲ. ಜೂನ್‌ನಲ್ಲಿ ಸ್ಪೀಕರ್ ಅದೇ ಅಧಿವೇಶನದ ಮುಂದುವರಿಕೆ ಎಂದು ಸದನ ಕರೆದರು. ಮಸೂದೆಗಳು ಪಾಸಾದವು. ರಾಜ್ಯಪಾಲ ಬನ್ವಾರಿಲಾಲ್ ಪುರೋಹಿತ್ ಆ ಕಲಾಪವೇ ಸಿಂಧುವಲ್ಲ ಎಂದರು. ನವೆಂಬರ್ 10ರಂದು ಸುಪ್ರೀಂ ಕೋರ್ಟ್ ಹೇಳಿತು: ಪ್ರೊರೋಗ್ ಆಗದ ಅಧಿವೇಶನವನ್ನು ಸ್ಪೀಕರ್ ಮತ್ತೆ ಸೇರಿಸಬಹುದು, ಆ ಕಲಾಪ ಸಿಂಧು. 1968ರಲ್ಲಿ ಆ ಆದೇಶ ಬಂದದ್ದರಿಂದ ಸರ್ಕಾರ ಉಳಿಯಿತು. 2023ರಲ್ಲಿ ಅದು ಬಾರದೇ ಇದ್ದದ್ದರಿಂದ ಮಸೂದೆಗಳು ಉಳಿದವು.

ಇಂಗ್ಲೆಂಡಿನಲ್ಲಿ ಈ ಪದ ಮನೆಮಾತಾದದ್ದು 2019ರಲ್ಲಿ. ಯುರೋಪಿಯನ್ ಒಕ್ಕೂಟದಿಂದ ಹೊರಬರಲು ಅಕ್ಟೋಬರ್ 31 ಗಡುವು. ಅದಕ್ಕೆ ಮೊದಲು ಪ್ರಧಾನಿ ಬೋರಿಸ್ ಜಾನ್ಸನ್ ರಾಣಿಗೆ ಸಲಹೆ ಕೊಟ್ಟು ಪಾರ್ಲಿಮೆಂಟನ್ನು ಅಕ್ಟೋಬರ್ 14ರವರೆಗೆ, ಅಂದರೆ ಸುಮಾರು ಐದು ವಾರ, ಪ್ರೊರೋಗ್ ಮಾಡಿಸಿದರು. ಸೆಪ್ಟೆಂಬರ್ 24ರಂದು ಅಲ್ಲಿನ ಸುಪ್ರೀಂ ಕೋರ್ಟಿನ 11 ನ್ಯಾಯಮೂರ್ತಿಗಳು ಒಮ್ಮತದಿಂದ ಆ ಸಲಹೆ ಕಾನೂನುಬಾಹಿರ ಎಂದರು. ರಾಣಿಯ ಪ್ರತಿನಿಧಿಗಳು ಖಾಲಿ ಕಾಗದ ಹಿಡಿದು ಬಂದಂತೆ ಅದು ಎಂದೂ ಹೇಳಿದರು. ಮರುದಿನ ಸದನ ಸೇರಿತು. ಆಗ ಸ್ಪೀಕರ್ ಜಾನ್ ಬರ್ಕೋ ಮಾಡಿದ ಒಂದು ಕೆಲಸ ಪದಗಳನ್ನು ಪ್ರೀತಿಸುವವರೆಲ್ಲ ನೆನಪಿಡಬೇಕಾದದ್ದು. ಸದನದ ದಾಖಲೆ ಪುಸ್ತಕದಲ್ಲಿ ಪ್ರೊರೋಗ್ ಆದ ದಿನದ ಪ್ರೊರೊಗೇಶನ್ ನಮೂದನ್ನು ತೆಗೆಸಿ, ಅಂದು ಸದನ ಅಡ್ಜರ್ನ್ ಆಗಿತ್ತು ಎಂದು ಬರೆಸಿದರು. ಸದಸ್ಯರು ಮನೆಗೆ ಹೋದದ್ದು ನಿಜವೇ. ಅವರನ್ನು ಮನೆಗೆ ಕಳಿಸುವ ಅಧಿಕಾರ ಆ ದಿನ ಬೇರೆಯವರಿಗೆ ಇರಲಿಲ್ಲ ಎಂಬುದು ಆ ಒಂದು ಪದದ ಬದಲಾವಣೆಯಿಂದ ದಾಖಲಾಯಿತು.

ಕೆನಡಾದಲ್ಲಿರುವ ನಮ್ಮವರಿಗೆ ಈ ಪದ ಅಷ್ಟು ಹೊಸದಲ್ಲ. 2008ರ ಡಿಸೆಂಬರ್‌ನಲ್ಲಿ ಅಲ್ಲಿನ ಆಗಿನ ಪ್ರಧಾನಿ ಸ್ಟೀಫನ್ ಹಾರ್ಪರ್ ಅವಿಶ್ವಾಸ ಮತದಾನ ಎದುರಾಗುವ ಮುಂಚೆ ಪಾರ್ಲಿಮೆಂಟ್ ಪ್ರೊರೋಗ್ ಮಾಡಿಸಿದ್ದರು. 2025ರ ಜನವರಿಯಲ್ಲಿ ಆಗಿನ ಪ್ರಧಾನಿ ಜಸ್ಟಿನ್ ಟ್ರುಡೊ ರಾಜೀನಾಮೆ ಪ್ರಕಟಿಸಿದ ದಿನವೂ ಮಾರ್ಚ್ 24ರವರೆಗೆ ಪ್ರೊರೋಗ್ ಆಯಿತು.

ಈ ಸುದ್ದಿಗಳಿಂದಾಗಿ ಪ್ರೊರೋಗ್ ಎಂದರೆ ಯಾವಾಗಲೂ ಏನೋ ಕುತಂತ್ರ ಎಂಬ ಭಾವನೆ ಬಂದಿದೆ. ಅದು ಸರಿಯಲ್ಲ. 2022ರ ಫೆಬ್ರುವರಿ 12ರಂದು ಪಶ್ಚಿಮ ಬಂಗಾಳದ ರಾಜ್ಯಪಾಲ ಜಗದೀಪ್ ಧನಕರ್ ವಿಧಾನಸಭೆಯನ್ನು ಪ್ರೊರೋಗ್ ಮಾಡಿದ ಆದೇಶವನ್ನು ಟ್ವಿಟರ್‌ನಲ್ಲಿ ಹಾಕಿದರು. ರಾಜ್ಯಪಾಲರು ಸರ್ಕಾರದ ಮೇಲೆ ಪ್ರಹಾರ ಮಾಡಿದರು ಎಂದು ಗುಲ್ಲೆದ್ದಿತು. ತಮಿಳುನಾಡು ಮುಖ್ಯಮಂತ್ರಿ ಎಂ.ಕೆ. ಸ್ಟಾಲಿನ್ ಕೂಡ ಟೀಕಿಸಿದರು. ಆದರೆ ಅದು ಮಮತಾ ಬ್ಯಾನರ್ಜಿ ಸರ್ಕಾರವೇ ಕೇಳಿಕೊಂಡು ಮಾಡಿಸಿದ್ದ ಕೆಲಸ. ಸಾಮಾನ್ಯವಾಗಿ ಅಧಿವೇಶನದ ನಂತರ ಬರುವ ಮಾಮೂಲಿ ಆದೇಶ ಅದು. ರಾಜ್ಯಪಾಲರಿಗೂ ಮುಖ್ಯಮಂತ್ರಿಗೂ ಜಟಾಪಟಿ ನಡೆಯುತ್ತಿದ್ದ ಕಾಲವಾದ್ದರಿಂದ ಜನ ಹಾಗೆ ಓದಿದರು.

ಇನ್ನು ವಾಕ್ಯದಲ್ಲಿ ಬಳಕೆ. ‘ದಿ ಗವರ್ನರ್ ಪ್ರೊರೋಗ್ಡ್ ದಿ ಅಸೆಂಬ್ಲಿ’ ಸರಿ. ‘ದಿ ಅಸೆಂಬ್ಲಿ ವಾಸ್ ಪ್ರೊರೋಗ್ಡ್’ ಕೂಡ ಸರಿ. ‘ದಿ ಸೆಷನ್ ವಾಸ್ ಪ್ರೊರೋಗ್ಡ್’ ಎಂಬುದೂ ಬಳಕೆಯಲ್ಲಿದೆ. ಆದರೆ ಸಂವಿಧಾನದ ಭಾಷೆಯಲ್ಲಿ ಪ್ರೊರೋಗ್ ಆಗುವುದು ಸದನ, ಹಾಗಾಗಿ ನಾನು ಸದನವನ್ನೇ ಕರ್ಮಪದವಾಗಿ ಇಡುತ್ತೇನೆ. ‘ದಿ ಸ್ಪೀಕರ್ ಪ್ರೊರೋಗ್ಡ್ ದಿ ಹೌಸ್’ ತಪ್ಪು. ‘ದಿ ಗವರ್ನರ್ ಅಡ್ಜರ್ನ್ಡ್ ದಿ ಹೌಸ್’ ಕೂಡ ತಪ್ಪು. ಕಚೇರಿಯ ಮೀಟಿಂಗ್, ಸಂಘದ ಸಭೆ, ಕೋರ್ಟಿನ ಕೇಸು ಇವಕ್ಕೆ ಪ್ರೊರೋಗ್ ಬೇಡ. ಅಲ್ಲಿ ಪೋಸ್ಟ್‌ಪೋನ್ ಅಥವಾ ಅಡ್ಜರ್ನ್ ಸಾಕು. ಪ್ರೊರೋಗ್ ಆದಂದಿನಿಂದ ಮುಂದಿನ ಅಧಿವೇಶನದವರೆಗಿನ ಕಾಲಕ್ಕೆ ನಮ್ಮಲ್ಲಿ ‘ರಿಸೆಸ್’ ಎನ್ನುತ್ತಾರೆ. ಇಂಗ್ಲೆಂಡಿನಲ್ಲಿ ಅದೇ ಪದ ಒಂದೇ ಅಧಿವೇಶನದ ನಡುವಿನ ಬಿಡುವಿಗೂ ಬರುತ್ತದೆ. ಅಲ್ಲಿನ ಪತ್ರಿಕೆ ಓದುವಾಗ ಇದು ಗಮನದಲ್ಲಿರಲಿ.

ಕನ್ನಡದಲ್ಲಿ ಬರೆಯುವಾಗ ಏನು ಮಾಡುವುದು? ಹಿಂದಿಯವರಿಗೆ ‘ಸತ್ರಾವಸಾನ’ ಎಂಬ ಒಂದೇ ಪದ ಇದೆ. ನಾವೂ ಅದನ್ನೇ ತರಬೇಕು ಎನ್ನುವವರಿದ್ದಾರೆ. ನನಗೆ ಬೇಡ ಅನ್ನಿಸುತ್ತದೆ. ಓದುಗರಿಗೆ ‘ಅವಸಾನ’ದಲ್ಲಿ ಸಾವೇ ಕಾಣುತ್ತದೆ. ‘ಅಧಿವೇಶನ ಮುಕ್ತಾಯ’ ಸಾಕು. ಆದರೆ ಸುಮ್ನೆ ‘ಅಧಿವೇಶನ ಮುಕ್ತಾಯ’ ಎಂದಷ್ಟೇ ಬರೆದರೆ ಅದು ಸಭಾಧ್ಯಕ್ಷರ ಕೊನೆಯ ದಿನದ ಮುಂದೂಡಿಕೆಯೂ ಆಗಬಹುದು. ‘ರಾಜ್ಯಪಾಲರ ಆದೇಶ: ವಿಧಾನಸಭೆ ಅಧಿವೇಶನ ಮುಕ್ತಾಯ’ ಎಂದು ಬರೆಯಿರಿ. ಮೂರು ಪದ ಜಾಸ್ತಿಯಾದರೂ ಪರವಾಗಿಲ್ಲ. ಪರೀಕ್ಷೆಯ ಉತ್ತರದಲ್ಲಿ ಇಂಗ್ಲಿಷ್ ಪದವನ್ನೇ ಕನ್ನಡ ಲಿಪಿಯಲ್ಲಿ ಬರೆದು, ಪಕ್ಕದಲ್ಲಿ 174ನೇ ವಿಧಿ ಎಂದು ಸೇರಿಸಿ.